ಕಲ್ಲು, ಮದ್ದು, ಕಣ್ಣು: ಯಾವ ಚಷ್ಮಾ, ಎಷ್ಟಕ್ಕೆ, ಎಲ್ಲಿ?

ಶಹಾಬಾದ್ ಪಕ್ಕದ ಭಂಕೂರಿನಲ್ಲಿ ಫರ್ಸಿ ಕಲ್ಲಿನ ಕೆಲಸ ಗೊತ್ತಿಲ್ಲದ ಮನೆ ಕಡಿಮೆ. ಒಬ್ಬರು ಖಣಿಯಲ್ಲಿ ಪಾರಿ ಹಿಡಿದಿದ್ದರೆ ಇನ್ನೊಬ್ಬರು ಪಾಲಿಶ್ ಮಶಿನ್ ಮುಂದೆ, ಮತ್ತೊಬ್ಬರು ಲಾರಿಗೆ ಹೇರುವ ಕಡೆ. ವಾಡಿ, ಸೇಡಂ ಕಡೆ ಹೋದರೆ ಅದೇ ಸುಣ್ಣದ ಕಲ್ಲು ಸಿಮೆಂಟ್ ಆಗುತ್ತದೆ. ಈ ಕೆಲಸದಲ್ಲಿ ಕೈಗೆ ಪೆಟ್ಟು, ಕಾಲಿಗೆ ಪೆಟ್ಟು ಅಂದರೆ ಎಲ್ಲರೂ ಓಡಿ ಬರುತ್ತಾರೆ. ಕಣ್ಣಿಗೆ ಏನೋ ಬಡಿಯಿತು ಅಂದರೆ ಮಾತ್ರ, "ಏನಾಗ್ತದ ಬಿಡ್ರಿ, ಕಸ ಬಿದ್ದಿರ್ತದ, ತೊಳಕೊಂಡ್ರ ಹೋಗ್ತದ" ಎನ್ನುವ ಮಾತು. ಕಸ ತೊಳೆದರೆ ಹೋಗುತ್ತದೆ, ನಿಜ. ಆದರೆ ಬಿದ್ದದ್ದು ಕಸವೇ ಎಂದು ಯಾರು ನೋಡಿದರು? ಕಲ್ಲು ಒಡೆಯುವಾಗ, ಮದ್ದು ಹಾರಿಸುವಾಗ, ಕೋವಿ ಹೊಡೆಯುವಾಗ ಕಣ್ಣಿಗೆ ಏನೇನು ಬರುತ್ತದೆ, ಅದನ್ನು ತಡೆಯುವ ಚಷ್ಮಾ ಎಂಥದ್ದು, ಬೆಲೆ ಎಷ್ಟು, ಎಲ್ಲಿ ಸಿಗುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಫರ್ಸಿ ಪದರು ಪದರಾಗಿ ಕೂತ ಕಲ್ಲು. ಭೂವಿಜ್ಞಾನಿಗಳು ಇದನ್ನು ಭೀಮಾ ಸಮೂಹದ ಶಿಲೆ ಎಂದು ಗುರುತಿಸುತ್ತಾರೆ. ಪದರಿನ ಸಂದಿಗೆ ಉಳಿ ಇಟ್ಟು ಘನದಿಂದ ಬಡಿದು, ಪಾರಿ ತೂರಿಸಿ ಮೀಟಿದರೆ ಅಗಲವಾದ ಹಾಸು ಮೇಲೇಳುತ್ತದೆ. ಆಮೇಲೆ ಅಂಚು ಕೆತ್ತಬೇಕು, ಅಳತೆಗೆ ಕತ್ತರಿಸಬೇಕು, ಪಾಲಿಶ್ ಹಿಡಿಯಬೇಕು. ಒಂದೊಂದು ಹಂತದಲ್ಲೂ ಕಣ್ಣಿಗೆ ಬರುವ ವಸ್ತು ಬೇರೆ ಬೇರೆ. ಒಂದೇ ಚಷ್ಮಾ ಎಲ್ಲದಕ್ಕೂ ಆಗುವುದಿಲ್ಲ ಎನ್ನುವುದು ಇದಕ್ಕೇ.

ಅಂಚು ಕೆತ್ತುವಾಗ ಸಿಡಿಯುವುದು ಚಕ್ಕೆ. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಗೆ ಕಾರ್ನಿಯಾ ಎನ್ನುತ್ತಾರೆ. ಅದರ ದಪ್ಪ ನಡುವಿನಲ್ಲಿ ಅರ್ಧ ಮಿಲಿಮೀಟರಿಗಿಂತ ತುಸುವೇ ಹೆಚ್ಚು. "ಕಣ್ಣು ತಾನೇ ಮುಚ್ಕೋತದಲ್ರೀ" ಎಂದು ಕೇಳುವವರಿದ್ದಾರೆ. ಮುಚ್ಚುತ್ತದೆ, ಆದರೆ ರೆಪ್ಪೆ ಬೀಳಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಬೇಕು. ಚಕ್ಕೆ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಹೊರಟಿತು ಎಂದುಕೊಳ್ಳಿ. ಕಲ್ಲಿನಿಂದ ಮುಖಕ್ಕೆ ಎರಡು ಅಡಿ ದೂರ. ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಅದು ಬಂದು ತಾಗಿರುತ್ತದೆ. ರೆಪ್ಪೆ ಆಮೇಲೆ ಬೀಳುತ್ತದೆ, ಚಕ್ಕೆಯ ಮೇಲೆ.

ಕಲ್ಲಿನ ಚಕ್ಕೆಗಿಂತ ಕೆಟ್ಟದ್ದು ಉಳಿಯಿಂದಲೇ ಸಿಡಿಯುವ ಉಕ್ಕಿನ ಚೂರು. ನಿಮ್ಮ ಉಳಿಯ ತಲೆಯನ್ನು ಒಮ್ಮೆ ನೋಡಿ. ಬಡಿದು ಬಡಿದು ನಾಯಿಕೊಡೆಯ ಹಾಗೆ ಅರಳಿ, ಅಂಚು ಸೀಳು ಬಿಟ್ಟಿದ್ದರೆ ಮುಂದಿನ ಯಾವ ಪೆಟ್ಟಿಗಾದರೂ ಆ ಅಂಚಿನ ಒಂದು ಚೂರು ಹಾರಬಹುದು. ಸಾಸಿವೆಗಿಂತ ಚಿಕ್ಕದಾದರೂ ಅದು ಕಣ್ಣುಗುಡ್ಡೆಯೊಳಗೆ ನುಗ್ಗಬಲ್ಲದು. ನುಗ್ಗಿದಾಗ ನೋವು ಅಷ್ಟಾಗಿ ಇಲ್ಲದಿರುವುದೂ ಉಂಟು. ಹೊರಗೆ ಗಾಯ ಕಾಣುವುದಿಲ್ಲ, ಮನುಷ್ಯ ಕೆಲಸಕ್ಕೆ ಹೋಗುತ್ತಲೇ ಇರುತ್ತಾನೆ. ಒಳಗೆ ಕಬ್ಬಿಣ ತುಕ್ಕು ಬಿಡುತ್ತಾ ಹೋಗುತ್ತದೆ. ತಿಂಗಳುಗಳಾದ ಮೇಲೆ ದೃಷ್ಟಿ ಮಂಜಾಗುತ್ತದೆ. ವೈದ್ಯರು ಇದನ್ನು ಸಿಡರೋಸಿಸ್ ಎನ್ನುತ್ತಾರೆ, ಅಂದರೆ ಕಬ್ಬಿಣದ ಅಂಶ ಕಣ್ಣಿನ ಪದರುಗಳಿಗೆ ಇಳಿದು ಅವನ್ನು ಕೆಡಿಸುವ ಸ್ಥಿತಿ. ಅರಳಿದ ತಲೆಯನ್ನು ಗ್ರೈಂಡರ್‌ನಲ್ಲಿ ಸವರಿಸಿ ದುಂಡಗೆ ಮಾಡಿಸಲು ಐದು ನಿಮಿಷ ಸಾಕು. ಚಷ್ಮಾ ಕೊಳ್ಳುವ ಮೊದಲೇ ಮಾಡಬಹುದಾದ ಕೆಲಸ ಇದು, ಖರ್ಚೂ ಇಲ್ಲ.

ಕತ್ತರಿಸುವ ಮತ್ತು ಪಾಲಿಶ್ ಮಾಡುವ ಕಡೆ ಚಕ್ಕೆಗಿಂತ ಧೂಳು ಹೆಚ್ಚು, ನೀರು ಬಿಟ್ಟರೆ ಕೆಸರಿನ ಸಿಡಿತ ಹೆಚ್ಚು. ಒಣ ಗ್ರೈಂಡರ್ ಆದರೆ ಚಕ್ರವೇ ಒಡೆದು ಮುಖಕ್ಕೆ ಬರುವ ಭಯವೂ ಇದೆ. ಸಿಮೆಂಟ್, ಸುಟ್ಟ ಸುಣ್ಣದ ಜೊತೆ ಕೆಲಸ ಮಾಡುವವರದ್ದು ಇನ್ನೊಂದು ಕತೆ. ಸುಣ್ಣ ಕಣ್ಣನ್ನು ಸುಡುತ್ತದೆ. ಆಸಿಡ್ ಬಿದ್ದರೆ ಮೇಲೆಮೇಲೆ ಸುಟ್ಟು ನಿಲ್ಲಬಹುದು, ಸುಣ್ಣ ಒಳಗಿಳಿಯುತ್ತಲೇ ಹೋಗುತ್ತದೆ. ತಂಬಾಕಿನ ಜೊತೆ ಕೊಡುವ ಸುಣ್ಣದ ಚಿಕ್ಕ ಪೊಟ್ಟಣವನ್ನು ಮಕ್ಕಳು ಹಿಚುಕಿ ಕಣ್ಣಿಗೆ ಹಾರಿಸಿಕೊಂಡ ಪ್ರಕರಣಗಳೂ ಆಸ್ಪತ್ರೆಗಳಿಗೆ ಬರುತ್ತವೆ. ಜೇಬಿನಲ್ಲಿರುವ ಪೊಟ್ಟಣವನ್ನು ಮನೆಯಲ್ಲಿ ಮೇಲಿನ ಗೂಡಿನಲ್ಲಿ ಇಡಿ.

ಈಗ ಮದ್ದಿನ ವಿಷಯ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಹಳೆಯ ಕರಿಮದ್ದು ಜಿಲೆಟಿನ್ ಹಾಗೆ ಒಂದೇ ಏಟಿಗೆ ಕಲ್ಲನ್ನು ಪುಡಿ ಮಾಡುವುದಿಲ್ಲ. ಅದು ಬಹಳ ವೇಗವಾಗಿ ಉರಿದು, ಹೊಗೆಯ ಒತ್ತಡದಿಂದ ಕಲ್ಲನ್ನು ತಳ್ಳುತ್ತದೆ. ಒಡೆಯದ ಹಾಸುಗಲ್ಲು ಬೇಕಾದ ಕಡೆ ಲೋಕದಲ್ಲೆಲ್ಲ ಇದನ್ನೇ ಮೆಚ್ಚುತ್ತಿದ್ದದ್ದು ಈ ಕಾರಣಕ್ಕೆ. ಆದರೆ ಕಣ್ಣಿನ ದೃಷ್ಟಿಯಿಂದ ಇದಕ್ಕೆ ಒಂದು ಕೆಟ್ಟ ಗುಣ ಇದೆ. ಉರಿದಾಗ ಪೂರ್ತಿ ಹೊಗೆಯಾಗಿ ಹೋಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಗಟ್ಟಿ ಪುಡಿಯಾಗಿಯೇ ಉಳಿದು ಸುತ್ತ ಹಾರುತ್ತದೆ. ಬಿಸಿ ಕಿಡಿ, ಉರಿಯದೆ ಉಳಿದ ಕಾಳು, ಜೊತೆಗೆ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರ. ಕ್ಷಾರವೆಂದರೆ ಸುಣ್ಣದ ಜಾತಿಯದೇ ಉರಿ. ಅಂದರೆ ಕರಿಮದ್ದು ಕಣ್ಣಿಗೆ ಮೂರು ರೀತಿ ಹೊಡೆಯುತ್ತದೆ: ಸುಡುತ್ತದೆ, ಚುಚ್ಚುತ್ತದೆ, ಕ್ಷಾರವಾಗಿ ಕೊರೆಯುತ್ತದೆ. ಮದ್ದಿನ ಕಾಳುಗಳು ಕಾರ್ನಿಯಾದಲ್ಲಿ, ರೆಪ್ಪೆಯ ಚರ್ಮದಲ್ಲಿ ಕಪ್ಪು ಚುಕ್ಕಿಗಳಾಗಿ ಹುದುಗಿ ಉಳಿದುಬಿಡುವುದೂ ಇದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಖಣಿಯಲ್ಲಿ ಮದ್ದು ಹಾರಿಸುವಾಗ ಕಣ್ಣು ಕಾಯುವುದು ಚಷ್ಮಾ ಅಲ್ಲ, ದೂರ. ತೆಂಗಿನಕಾಯಿ ಗಾತ್ರದ ಕಲ್ಲು ಹಾರಿ ಬಂದರೆ ಯಾವ ಚಷ್ಮಾವೂ ತಡೆಯದು. ಗಣಿ ನಿಯಮಗಳ ಪ್ರಕಾರ ಹಾರಿಸುವ ಜಾಗದ ಸುತ್ತ ಕಡಿಮೆಯೆಂದರೂ 300 ಮೀಟರ್ ಅಪಾಯದ ವಲಯ. ಅಷ್ಟರೊಳಗಿನ ಎಲ್ಲರೂ ಹೊರಹೋಗಬೇಕು, ಇಲ್ಲವೇ ಗಟ್ಟಿ ಆಸರೆಯ ಅಡಿ ಇರಬೇಕು. ಹಾರಿಸುವವನಿಗೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಬ್ಲಾಸ್ಟರ್ ಪ್ರಮಾಣಪತ್ರ ಬೇಕು. ಮದ್ದು ತರಲು, ಇಡಲು 2008ರ ಸ್ಫೋಟಕ ನಿಯಮಗಳ ಪರವಾನಗಿ ಬೇಕು. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ, ಎರಡು ಕಡೆಯೂ ಕಲ್ಲುಗಣಿಗೆಂದು ತಂದ ಸ್ಫೋಟಕ ಸಿಡಿದು ಜನ ಸತ್ತರು. ಅಂಥ ಮದ್ದಿನ ಮುಂದೆ ಕಣ್ಣಿನ ಮಾತೇ ಬರುವುದಿಲ್ಲ. ಹಾಗಾದರೆ ಮದ್ದಿನ ಕೆಲಸದಲ್ಲಿ ಚಷ್ಮಾ ಎಲ್ಲಿ ಬೇಕು? ಕುಳಿ ಕೊರೆಯುವಾಗ ಬೇಕು, ಏಕೆಂದರೆ ಡ್ರಿಲ್ಲಿನ ಗಾಳಿ ಧೂಳನ್ನು ನೇರ ಮುಖಕ್ಕೆ ಊದುತ್ತದೆ. ಮದ್ದು ತುಂಬುವಾಗ ಬೇಕು. ಹಾರಿದ ಮೇಲೆ ಸಡಿಲ ಕಲ್ಲು ಕೆಡವುವಾಗ ಬೇಕು. ಇನ್ನೊಂದು: ಬತ್ತಿ ಹಚ್ಚಿಯೂ ಹಾರದ ಕುಳಿಯನ್ನು "ಏನಾಯ್ತು" ಎಂದು ಬಗ್ಗಿ ನೋಡಲು ಹೋಗಬೇಡಿ. ಕನಿಷ್ಠ ಅರ್ಧ ಗಂಟೆ ಯಾರೂ ಹತ್ತಿರ ಸುಳಿಯಬಾರದು. ಆಮೇಲೂ ಅದು ಬ್ಲಾಸ್ಟರ್ ಕೆಲಸವೇ ಹೊರತು ಕೂಲಿಯವರದಲ್ಲ.

ಕರಿಮದ್ದನ್ನು ಇನ್ನೂ ಕೈಯಲ್ಲಿ ಮುಟ್ಟುವವರು ನಮ್ಮ ರಾಜ್ಯದಲ್ಲಿ ಯಾರೆಂದರೆ ಮಲೆನಾಡು, ಕೊಡಗಿನ ಕೇಪಿನ ಕೋವಿಯವರು. ಕೊಡವರಿಗೂ ಜಮ್ಮಾ ಭೂಮಿ ಹೊಂದಿದವರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಅದನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಕೇಪಿನ ಕೋವಿಯಲ್ಲಿ ಕುದುರೆ ಬಡಿದಾಗ ತಾಮ್ರದ ಕೇಪು ಹರಿದು ಚೂರಾಗಬಹುದು. ಕಿವಿಯ ಪಕ್ಕದಲ್ಲಿ, ಕಣ್ಣಿಗೆ ಒಂದು ಗೇಣು ದೂರದಲ್ಲಿ ಇದು ನಡೆಯುತ್ತದೆ. ಅದೇ ತೂತಿನಿಂದ ಬೆಂಕಿಯ ಎಳೆಯೂ ಹಿಂದಕ್ಕೆ ಚಿಮ್ಮುತ್ತದೆ. ಆದ್ದರಿಂದ ಕೋವಿ ಹಿಡಿದವರಷ್ಟೇ ಅಲ್ಲ, ಬಲಕ್ಕೆ ಎಡಕ್ಕೆ ನಿಂತು ನೋಡುವವರೂ ಚಷ್ಮಾ ಹಾಕಬೇಕು. ಮದ್ದು ತುಂಬುವಾಗ ನಳಿಕೆಯ ಬಾಯಿಯ ಮೇಲೆ ಮುಖ ಬರಬಾರದು. ಮೈಸೂರು ದಸರೆಯಲ್ಲಿ 21 ಕುಶಾಲತೋಪು ಹಾರಿಸುವ ಪೊಲೀಸ್ ಸಿಬ್ಬಂದಿಯನ್ನು ನೋಡಿದ್ದರೆ ಗಮನಿಸಿರುತ್ತೀರಿ, ಪ್ರತಿ ಸಲವೂ ಒದ್ದೆ ಬಟ್ಟೆ ಸುತ್ತಿದ ಕೋಲಿನಿಂದ ಫಿರಂಗಿಯ ಒಳಗೆ ಒರೆಸುತ್ತಾರೆ. ಒಳಗೆ ಉಳಿದ ಕಿಡಿ ಹೊಸ ಮದ್ದಿಗೆ ತಾಗಿದರೆ ತುಂಬುವವನ ಮುಖದ ಮೇಲೇ ಹೊತ್ತಿಕೊಳ್ಳುತ್ತದೆ.

ನಮ್ಮ ಕಡೆ ಬಂದೂಕು ಎಂದರೆ ಜಾತ್ರೆ, ಉರುಸುಗಳಲ್ಲಿ ಬಲೂನಿಗೆ ಹೊಡೆಯುವ ಛರ್ರೆ ಬಂದೂಕು. ಇದರಲ್ಲಿ ಮದ್ದಿಲ್ಲ, ಗಾಳಿ. ಆದರೂ ಸೀಸದ ಛರ್ರೆ ಗಟ್ಟಿ ಹಲಗೆಗೋ ತಗಡಿಗೋ ಬಡಿದು ವಾಪಸು ಬರಬಹುದು. ಬಲೂನಿನ ಹಿಂದೆ ದಪ್ಪ ಬಟ್ಟೆ ಇಳಿಬಿಟ್ಟಿರುವ ಅಂಗಡಿಯಲ್ಲಷ್ಟೇ ಮಕ್ಕಳಿಗೆ ಹೊಡೆಯಲು ಬಿಡಿ. ಎನ್‌ಸಿಸಿ ಹುಡುಗ ಹುಡುಗಿಯರು ರೈಫಲ್ ಅಭ್ಯಾಸಕ್ಕೆ ಹೋದಾಗ ಚಷ್ಮಾದ ಜೊತೆ ಮುಂದಂಚಿನ ಟೋಪಿಯೂ ಇರಲಿ. ಪಕ್ಕದವರ ರೈಫಲಿನಿಂದ ಹಾರಿದ ಬಿಸಿ ಖಾಲಿ ತೋಟೆ ಚಷ್ಮಾದ ಮೇಲಿನ ಸಂದಿಯಿಂದ ಒಳಗೆ ಬೀಳದಂತೆ ಅದು ತಡೆಯುತ್ತದೆ. ದೀಪಾವಳಿಗೆ ಪೈಪಿನಲ್ಲಿ ಕಾರ್ಬೈಡ್ ಹಾಕಿ ಢಂ ಎನಿಸುವ ಆಟಿಕೆಯನ್ನಂತೂ ಮನೆಯೊಳಗೆ ತರಲೇಬೇಡಿ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ನೂರಕ್ಕೂ ಹೆಚ್ಚು ಮಂದಿ, ಅದರಲ್ಲೂ ಮಕ್ಕಳು, ಇದರಿಂದಲೇ ಕಣ್ಣಿಗೆ ಪೆಟ್ಟು ಮಾಡಿಕೊಂಡರು. ಹೊತ್ತಲಿಲ್ಲವೆಂದು ಪೈಪಿನೊಳಗೆ ಇಣುಕಿದಾಗ ಅದು ಸಿಡಿಯುತ್ತದೆ.

ಚಷ್ಮಾಕ್ಕೆ ಬರೋಣ. ಸುರಕ್ಷತಾ ಚಷ್ಮಾದ ಗಾಜು ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್. ಪೆಟ್ಟು ಬಿದ್ದರೆ ಅದು ಬಾಗಿ ಪೆಟ್ಟನ್ನು ಹೀರಿಕೊಳ್ಳುತ್ತದೆ, ಚೂರಾಗುವುದಿಲ್ಲ. ಬಿಸಿಲಿನ ಅತಿನೇರಳೆ ಕಿರಣವನ್ನೂ ತಡೆಯುತ್ತದೆ. "ನಂಗ ನಂಬರಿನ ಚಷ್ಮಾ ಅದ, ಅದೇ ಸಾಕಲ್ಲ?" ಸಾಲುವುದಿಲ್ಲ. ನಂಬರಿನ ಮಾಮೂಲಿ ಗಾಜು ಒಡೆದರೆ ಅದರ ಚೂರೇ ಕಣ್ಣಿಗೆ ಹೊಕ್ಕುತ್ತದೆ. ಜೊತೆಗೆ ಅದರ ಬದಿ ಪೂರ್ತಿ ತೆರೆದಿರುತ್ತದೆ, ಚಕ್ಕೆ ಮಾತ್ರ ಸದಾ ಎದುರಿನಿಂದಲೇ ಬರಬೇಕೆಂಬ ನಿಯಮವಿಲ್ಲ. ನಂಬರ್ ಇರುವವರಿಗೆಂದೇ ಅದರ ಮೇಲೆ ಹಾಕಿಕೊಳ್ಳುವ ಅಗಲ ಚೌಕಟ್ಟಿನ ಚಷ್ಮಾ ಸಿಗುತ್ತದೆ. ಸಂತೆಯಲ್ಲಿ ಸಿಗುವ ಕಪ್ಪು ಕೂಲಿಂಗ್ ಗ್ಲಾಸ್ ಈ ಕೆಲಸಕ್ಕೆ ಬರುವುದಿಲ್ಲ.

ಒಳ್ಳೆಯದು ಯಾವುದು ಎಂದು ಗುರುತಿಸುವುದು ಹೇಗೆ? ಅಂಗಡಿಯವನ ಮಾತಿಗಿಂತ ಚೌಕಟ್ಟಿನ ಮೇಲಿನ ಅಚ್ಚು ಅಕ್ಷರ ನಂಬಿ. ಐಎಸ್ 5983 ಎಂದಿದ್ದರೆ ನಮ್ಮ ದೇಶದ ಮಾನಕ. ಝಡ್87 ಎಂದಿದ್ದು ಪಕ್ಕದಲ್ಲಿ ಕೂಡಿಸುವ ಚಿಹ್ನೆ ಇದ್ದರೆ ಅಮೆರಿಕದ್ದು, ಜೋರು ಪೆಟ್ಟಿನ ಪರೀಕ್ಷೆ ಗೆದ್ದದ್ದು. ಆ ಪರೀಕ್ಷೆಯಲ್ಲಿ ಕಾಲಂಗುಲದ ಉಕ್ಕಿನ ಗುಂಡನ್ನು ಗಂಟೆಗೆ ಸುಮಾರು 160 ಕಿಲೋಮೀಟರ್ ವೇಗದಲ್ಲಿ ಚಷ್ಮಾಕ್ಕೆ ಹೊಡೆಯುತ್ತಾರೆ. ಅರ್ಧ ಕಿಲೋ ತೂಕದ ಮೊನಚು ಕಬ್ಬಿಣವನ್ನು ನಾಲ್ಕು ಅಡಿ ಮೇಲಿಂದ ಬೀಳಿಸುತ್ತಾರೆ. ಇಎನ್ 166 ಯುರೋಪಿನ ಮಾನಕ. ಅದರ ಜೊತೆ ಎಫ್ ಅಕ್ಷರವಿದ್ದರೆ ಸೆಕೆಂಡಿಗೆ 45 ಮೀಟರ್ ವೇಗದ ಚಿಕ್ಕ ಗುಂಡನ್ನು, ಬಿ ಇದ್ದರೆ 120 ಮೀಟರ್ ವೇಗದ್ದನ್ನು ತಡೆಯುತ್ತದೆ. ಕೆ ಅಕ್ಷರವಿದ್ದರೆ ಬೇಗ ಗೀರು ಬೀಳುವುದಿಲ್ಲ, ಎನ್ ಇದ್ದರೆ ಬೇಗ ಮಂಜು ಕಟ್ಟುವುದಿಲ್ಲ. ಫರ್ಸಿ ಕೆಲಸಕ್ಕೆ ಕೆ ಮತ್ತು ಎನ್ ಎರಡೂ ಇರುವುದು ಸಿಕ್ಕರೆ ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ಅದನ್ನೇ ತನ್ನಿ. ಯಾವ ಗುರುತೂ ಇಲ್ಲದ್ದು ಎಷ್ಟು ಅಗ್ಗವಾದರೂ ಬೇಡ. ಬಂದೂಕಿನ ಗುಂಡನ್ನು ಇವು ಯಾವುವೂ ತಡೆಯುವುದಿಲ್ಲ ಎಂಬುದೂ ನೆನಪಿರಲಿ. ಇವು ಇರುವುದು ಕೇಪಿನ ಚೂರು, ಕಿಡಿ, ಚಕ್ಕೆಗಳಿಗಾಗಿ.

ಯಾವ ಕೆಲಸಕ್ಕೆ ಯಾವುದು? ಬಯಲಿನಲ್ಲಿ ಉಳಿ, ಘನ, ಪಾರಿ ಹಿಡಿಯುವವರಿಗೆ ಬದಿಗೂ ಸುತ್ತಿ ಬರುವ, ಕಿವಿಗೆ ಸಿಕ್ಕಿಸುವ ಹಗುರ ಚಷ್ಮಾ ಸಾಕು. ಒಣ ಗ್ರೈಂಡರ್, ಕುಳಿ ಡ್ರಿಲ್, ಸುಣ್ಣ, ಸಿಮೆಂಟ್, ಕರಿಮದ್ದು ಇದ್ದ ಕಡೆ ಮುಖಕ್ಕೆ ಒತ್ತಿ ಕೂರುವ, ಹಿಂದೆ ಇಲಾಸ್ಟಿಕ್ ಪಟ್ಟಿ ಇರುವ ಗಾಗಲ್ ಬೇಕು. ಗ್ರೈಂಡರಿಗೆ ಇದರ ಮೇಲೆ ಮುಖ ಪೂರ್ತಿ ಮುಚ್ಚುವ ಫೇಸ್ ಶೀಲ್ಡ್ ಕೂಡ ಇರಲಿ. ಶೀಲ್ಡ್ ಒಂದೇ ಹಾಕಿದರೆ ಕೆಳಗಿನಿಂದ ಚೂರು ಒಳಗೆ ಬರುತ್ತದೆ. ಕಲ್ಲು ಒಡೆಯುವವರಿಗೆ ತಂತಿ ಜಾಳಿಗೆಯ ಚಷ್ಮಾವೂ ಇದೆ. ಗಾಜೇ ಇಲ್ಲದ್ದರಿಂದ ಮಂಜು ಕಟ್ಟುವುದಿಲ್ಲ, ಗಾಳಿ ಆಡುತ್ತದೆ. ದೊಡ್ಡ ಚಕ್ಕೆಗೆ ಅದು ಸರಿ, ಧೂಳಿಗೆ, ಉಕ್ಕಿನ ಸಣ್ಣ ಚೂರಿಗೆ, ಮದ್ದಿನ ಕಾಳಿಗೆ ಸರಿಯಲ್ಲ. ನನ್ನನ್ನು ಕೇಳಿದರೆ ಅದು ಎರಡನೇ ಆಯ್ಕೆ.

ಈಗ ನಿಜವಾದ ತಕರಾರು. ಯಾರನ್ನು ಕೇಳಿದರೂ ಚಷ್ಮಾ ಬೇಡ ಎನ್ನಲು ಕೊಡುವ ಕಾರಣ ದುಡ್ಡಲ್ಲ, ಬೆವರು. "ಹಾಕ್ಕೊಂಡ್ರ ಮಬ್ಬಾಗ್ತದ, ಉಳಿ ಬಿಟ್ಟು ಕೈಮ್ಯಾಲೆ ಬೀಳ್ತದ ಪೆಟ್ಟು." ಇದು ಸುಳ್ಳಲ್ಲ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಖಣಿಯ ತಗ್ಗಿನಲ್ಲಿ ಗಾಳಿಯೂ ಆಡುವುದಿಲ್ಲ. ಆದರೆ ಮಬ್ಬು ಎರಡು ಬಗೆ, ಎರಡಕ್ಕೂ ಪರಿಹಾರ ಬೇರೆ. ಒಂದು, ಒಳಗಿನ ಹಬೆ ಗಾಜಿಗೆ ಕೂತದ್ದು. ಹಗುರ ಚಷ್ಮಾದಲ್ಲಿ ಇದು ಕಡಿಮೆ. ಗಾಗಲ್ ಆದರೆ ಮೇಲೆ ಕೆಳಗೆ ಮುಚ್ಚಳವಿರುವ ಗಾಳಿ ಕಿಂಡಿ ಇದೆಯೇ ನೋಡಿ ಕೊಳ್ಳಿ. ಬರೀ ತೂತಿನದ್ದು ಬೇಡ, ಧೂಳು ನೇರ ಬರುತ್ತದೆ. ಬೆಳಗ್ಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಸೋಪನ್ನು ಒಳಮೈಗೆ ಬೆರಳಿನಿಂದ ತೆಳ್ಳಗೆ ಸವರಿ, ನೀರಿನಲ್ಲಿ ಅದ್ದಿ ತೆಗೆದು ತಾನಾಗಿ ಆರಲು ಬಿಟ್ಟರೆ ಕೆಲವು ತಾಸು ಹಬೆ ಕೂರುವುದಿಲ್ಲ. ಇನ್ನೊಂದು, ಹಣೆಯಿಂದ ಇಳಿದ ಬೆವರು. ಇದಕ್ಕೆ ತಲೆಗೆ ಸುತ್ತಿದ ಟುವಾಲನ್ನು ಹುಬ್ಬಿನ ತನಕ ಇಳಿಸಿ, ಅದರ ಅಂಚಿನ ಕೆಳಗೆ ಚಷ್ಮಾ ಕೂರಿಸಿ. ಹಣೆಯ ಕಡೆ ಸ್ಪಂಜಿನ ಪಟ್ಟಿ ಇರುವ ಚಷ್ಮಾವೂ ಇದೆ. ಚೌಕಟ್ಟಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡರೆ ಒರೆಸಲು ತೆಗೆದಾಗ ಕಲ್ಲಿನ ಮೇಲೆ ಇಡುವ ಪ್ರಮೇಯ ಬರುವುದಿಲ್ಲ.

ಎಷ್ಟು ದಿನ ಬಾಳುತ್ತದೆ ಎನ್ನುವುದು ಒರೆಸುವ ರೀತಿಯ ಮೇಲಿದೆ. ಪಾಲಿಕಾರ್ಬೊನೇಟ್ ಪೆಟ್ಟಿಗೆ ಗಟ್ಟಿ, ಗೀರಿಗೆ ಮೆತ್ತಗೆ. ಕಲ್ಲಿನ ಧೂಳು ಕೂತಿರುವಾಗ ಟುವಾಲಿನಿಂದ ಉಜ್ಜಿದರೆ ಒಂದೇ ವಾರದಲ್ಲಿ ಹಾಲುಬಣ್ಣ ಬರುತ್ತದೆ. ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಮೆತ್ತನೆ ಹತ್ತಿ ಬಟ್ಟೆಯಿಂದ ಒತ್ತಿ ತೆಗೆಯಿರಿ. ಪೆಟ್ರೋಲು, ಸೀಮೆಎಣ್ಣೆ, ಥಿನ್ನರ್ ತಾಗಿಸಬೇಡಿ. ಅವು ಕಣ್ಣಿಗೆ ಕಾಣದ ಬಿರುಕು ಬಿಡಿಸುತ್ತವೆ, ಪೆಟ್ಟು ಬಿದ್ದಾಗ ಅಲ್ಲೇ ಒಡೆಯುತ್ತದೆ. ಜೋರು ಪೆಟ್ಟು ತಿಂದ ಚಷ್ಮಾ ನೋಡಲು ಚೆನ್ನಾಗಿದ್ದರೂ ಬದಲಿಸಿ. ಬಣ್ಣದ ವಿಚಾರ: ಬಯಲಿನಲ್ಲಿ ಫರ್ಸಿಯ ಮೇಲಿನ ಬಿಸಿಲು ಕಣ್ಣು ಕುಕ್ಕುತ್ತದೆ, ಅಲ್ಲಿಗೆ ಬೂದು ಬಣ್ಣದ್ದು ಸರಿ. ಅದನ್ನೇ ಹಾಕಿಕೊಂಡು ಪಾಲಿಶ್ ಶೆಡ್ಡಿನ ಕತ್ತಲೆಗೆ ಹೋಗಬೇಡಿ, ಅಲ್ಲಿಗೆ ಬಿಳಿಯದು.

ಬೆಲೆ ಕೇಳಿ ಹೆದರಬೇಕಿಲ್ಲ. ಹಗುರ ಚಷ್ಮಾ ಸುಮಾರು 60ರಿಂದ 200 ರೂಪಾಯಿ. ಗಾಗಲ್ 150ರಿಂದ 400. ಫೇಸ್ ಶೀಲ್ಡ್ 200ರಿಂದ 600. ನಂಬರ್ ಹಾಕಿಸಿದ ಸುರಕ್ಷತಾ ಚಷ್ಮಾಕ್ಕೆ ಸಾವಿರದ ಮೇಲಾಗುತ್ತದೆ, ಅದರ ಬದಲು ಮೇಲೆ ಹಾಕುವ ಅಗಲದ್ದು ಕೊಂಡರೆ ಇನ್ನೂರರ ಒಳಗೆ ಮುಗಿಯುತ್ತದೆ. ಸಿಮೆಂಟ್ ಕಾರ್ಖಾನೆ ಇರುವ ಊರುಗಳಾದ್ದರಿಂದ ವಾಡಿ, ಶಹಾಬಾದ್, ಸೇಡಂನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸೇಫ್ಟಿ ಸಾಮಾನು ಎಂದು ಕೇಳಿ. ಅಲ್ಲಿ ಬೇಕಾದ ಅಳತೆ ಸಿಗದಿದ್ದರೆ ಕಲಬುರಗಿಯ ದೊಡ್ಡ ಅಂಗಡಿಗಳು, ಅಥವಾ ಮೊಬೈಲಿನಲ್ಲೇ ತರಿಸಬಹುದು. 3ಎಂ, ಕರಂ, ಉದ್ಯೋಗಿಯಂಥ ಹೆಸರಿನವು ಸಾಮಾನ್ಯವಾಗಿ ಸಿಗುತ್ತವೆ. ಕೊಳ್ಳುವಾಗ ಹಾಕಿ ನೋಡಿ: ತಲೆ ಬಗ್ಗಿಸಿ ಅಲ್ಲಾಡಿಸಿದರೆ ಜಾರಬಾರದು, ಹುಬ್ಬಿನ ಮೇಲೆ ಬೆರಳು ತೂರುವಷ್ಟು ಸಂದಿ ಇರಬಾರದು. ಕಲ್ಲು ಹೊರುವ, ಒಡೆಯುವ ಹೆಣ್ಣುಮಕ್ಕಳಿಗೆ ಗಂಡಸರ ಅಳತೆಯದ್ದನ್ನೇ ಕೊಟ್ಟು "ಹಾಕ್ಕೊಳಲ್ಲ ನೋಡ್ರಿ" ಎನ್ನುವುದು ನ್ಯಾಯವಲ್ಲ. ಚಿಕ್ಕ ಮುಖಕ್ಕೆ ಚಿಕ್ಕ ಅಳತೆ ಬೇರೆ ಬರುತ್ತದೆ, ಕೇಳಿ ತರಿಸಬೇಕು.

ಇಷ್ಟಾದರೂ ಕಣ್ಣಿಗೆ ಬಿತ್ತು ಎಂದರೆ? ಬರೀ ಧೂಳಾದರೆ ಉಜ್ಜಬೇಡಿ. ಶುದ್ಧ ನೀರಿನಲ್ಲಿ ಕಣ್ಣು ಮಿಟುಕಿಸುತ್ತಾ ತೊಳೆಯಿರಿ. ಸುಣ್ಣ, ಸಿಮೆಂಟ್, ಮದ್ದಿನ ಪುಡಿ ಆದರೆ ನಿಂತಲ್ಲೇ, ಆ ಕ್ಷಣವೇ ನೀರು ಸುರಿಯಲು ಶುರು ಮಾಡಿ, ಅರ್ಧ ಗಂಟೆ ನಿಲ್ಲಿಸಬೇಡಿ. ಆಸ್ಪತ್ರೆಗೆ ಓಡುವ ಅವಸರದಲ್ಲಿ ತೊಳೆಯುವುದನ್ನು ಬಿಟ್ಟರೆ ದಾರಿಯುದ್ದಕ್ಕೂ ಕಣ್ಣು ಸುಡುತ್ತಲೇ ಇರುತ್ತದೆ. ಚುಚ್ಚಿಕೊಂಡಿದ್ದರೆ, ರಕ್ತ ಬಂದಿದ್ದರೆ, ಗುಡ್ಡೆಯ ಆಕಾರ ಬದಲಾಗಿದ್ದರೆ ಇದಕ್ಕೆ ತದ್ವಿರುದ್ಧ: ನೀರು ಹಾಕಬೇಡಿ, ಒತ್ತಬೇಡಿ, ಎಳೆಯಬೇಡಿ. ಕಾಗದದ ಕಪ್ಪನ್ನು ಕಣ್ಣಿನ ಸುತ್ತಲಿನ ಎಲುಬಿಗೆ ಆನಿಸಿ ಟೇಪು ಹಚ್ಚಿ. ಏನೂ ತಿನ್ನಿಸದೆ ಕರೆದೊಯ್ಯಿರಿ, ಆಪರೇಷನ್ ಬೇಕಾಗಬಹುದು.

ಖಣಿಯಲ್ಲಿ ಜೊತೆಗಾರನ ಕಣ್ಣಿನ ಕಸವನ್ನು ಟುವಾಲಿನ ಮೂಲೆ ತಿರುಚಿ, ಬೆಂಕಿಕಡ್ಡಿಯಿಂದ, ಕೆಲವೊಮ್ಮೆ ನಾಲಿಗೆಯಿಂದಲೂ ತೆಗೆಯುವ ರೂಢಿ ಇದೆ. ತೆಗೆಯುವವರ ಪ್ರೀತಿ ದೊಡ್ಡದು, ಆದರೆ ಗಾಯವಾದ ಕಾರ್ನಿಯಾಕ್ಕೆ ಬೂಷ್ಟು, ಕೀವು ಹತ್ತುವುದು ಹೀಗೇ. ಹರಳೆಣ್ಣೆ, ಎದೆಹಾಲು, ತುಪ್ಪ ಯಾವುದನ್ನೂ ಹಾಕಬೇಡಿ. ಮೆಡಿಕಲ್ ಅಂಗಡಿಯಲ್ಲಿ "ಕಣ್ಣು ಕೆಂಪಾಗ್ಯದ" ಎಂದು ಹೇಳಿ ತಂದ ಹನಿಯೂ ಬೇಡ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಕೆಂಪು ಇಳಿಯುತ್ತದೆ, ಒಳಗೆ ಹುಣ್ಣು ಬೆಳೆಯುತ್ತದೆ. ತುರ್ತಿಗೆ 108. ಕಲಬುರಗಿಯ ಸೇಡಂ ರಸ್ತೆಯಲ್ಲಿರುವ ಜಿಮ್ಸ್ ಆಸ್ಪತ್ರೆ, ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆ ಎರಡರಲ್ಲೂ ಕಣ್ಣಿನ ವಿಭಾಗ ಇದೆ. ಬಿಪಿಎಲ್ ಕಾರ್ಡು, ಆಧಾರ್ ಜೊತೆಗಿರಲಿ, ಆಯುಷ್ಮಾನ್ ಆರೋಗ್ಯ ಕರ್ನಾಟಕಕ್ಕೆ ಬೇಕಾಗುತ್ತದೆ. ವೈದ್ಯರಿಗೆ "ಕಣ್ಣು ನೋಯ್ತದ" ಎಂದಷ್ಟೇ ಹೇಳಬೇಡಿ. "ಕಬ್ಬಿಣದ ಉಳಿ ಬಡಿಯುವಾಗ ಬಡಿದದ್ದು" ಎಂದು ಬಿಡಿಸಿ ಹೇಳಿ. ಆಗ ಅವರು ಎಕ್ಸ್‌ರೇ, ಸಿ.ಟಿ. ಮಾಡಿಸುತ್ತಾರೆ. ಎಂಆರ್‌ಐ ಮಾಡಬಾರದು ಎಂಬುದೂ ಅವರಿಗೆ ಹೊಳೆಯುತ್ತದೆ, ಏಕೆಂದರೆ ಅದರ ಅಯಸ್ಕಾಂತ ಒಳಗಿನ ಚೂರನ್ನು ಎಳೆದಾಡಿಬಿಡುತ್ತದೆ.

ಚಷ್ಮಾದ ದುಡ್ಡು ಯಾರು ಕೊಡಬೇಕು? ಖಣಿ, ಕಾರ್ಖಾನೆಗಳಲ್ಲಿ ಮಾಲೀಕರೇ. 1948ರ ಕಾರ್ಖಾನೆ ಕಾಯ್ದೆಯ 35ನೇ ಕಲಂ ಕಣ್ಣಿನ ರಕ್ಷಣೆಗೆಂದೇ ಇತ್ತು. ಹಳೆಯ ಕಾರ್ಖಾನೆ, ಗಣಿ ಕಾಯ್ದೆಗಳನ್ನು ಒಟ್ಟು ಸೇರಿಸಿದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಕೆಲಸದ ಜಾಗವನ್ನು ಅಪಾಯವಿಲ್ಲದಂತೆ ಇಡುವ ಹೊಣೆ ಮಾಲೀಕರದ್ದೇ. ಮನೆಗಳಿಗೆ ಹೋಗಿ ಫರ್ಸಿ ಹಾಸುವವರು, ಪಾಲಿಶ್ ಹಿಡಿಯುವವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ವಯಸ್ಸು 18ರಿಂದ 60ರೊಳಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು.

ಕಣ್ಣು ಹೋದರೆ ಪರಿಹಾರದ ಲೆಕ್ಕ ಹೀಗಿದೆ. ಕಾರ್ಮಿಕರ ಪರಿಹಾರ ಕಾನೂನಿನ ಪಟ್ಟಿಯಲ್ಲಿ, ಇನ್ನೊಂದು ಕಣ್ಣು ಚೆನ್ನಾಗಿದ್ದು ಒಂದು ಕಣ್ಣಿನ ದೃಷ್ಟಿ ಹೋದರೆ ದುಡಿಮೆಯ ಶಕ್ತಿ ನೂರಕ್ಕೆ 30ರಷ್ಟು, ಗುಡ್ಡೆಯೇ ಹೋದರೆ 40ರಷ್ಟು ನಷ್ಟ ಎಂದು ಹಿಡಿಯುತ್ತಾರೆ. 30 ವರ್ಷದವರಿಗೆ, ತಿಂಗಳಿಗೆ 15,000 ರೂಪಾಯಿ ಕೂಲಿ ಇದ್ದರೆ, ಅದು ಸುಮಾರು 5.6 ಲಕ್ಷ ಮತ್ತು 7.5 ಲಕ್ಷ ಆಗುತ್ತದೆ. ಇಎಸ್‌ಐ ಇದ್ದವರಿಗೆ ಇದರ ಬದಲು ಇಎಸ್‌ಐನಿಂದಲೇ ಬರುತ್ತದೆ. ಒಂದು ಕಲಂ ಮಾತ್ರ ಎಚ್ಚರದಿಂದ ಓದಬೇಕಾದದ್ದು: ಮಾಲೀಕರು ಕೊಟ್ಟ ರಕ್ಷಣಾ ಸಾಧನವನ್ನು ಕಾರ್ಮಿಕ ಬೇಕೆಂದೇ ತೆಗೆದಿಟ್ಟದ್ದರಿಂದ ಪೆಟ್ಟಾಯಿತು ಎಂದು ಸಾಬೀತಾದರೆ, ಸಾವು ಅಥವಾ ಪೂರ್ಣ ಶಾಶ್ವತ ಅಂಗವಿಕಲತೆ ಅಲ್ಲದ ಪ್ರಕರಣದಲ್ಲಿ ಪರಿಹಾರ ತಪ್ಪಬಹುದು. ಒಂದು ಕಣ್ಣು ಹೋದದ್ದು ಈ ಲೆಕ್ಕದಲ್ಲಿ ಪೂರ್ಣ ಅಂಗವಿಕಲತೆ ಅಲ್ಲ. ಚಷ್ಮಾ ಕೊಟ್ಟೇ ಇಲ್ಲ ಎಂದಾದರೆ ಈ ಮಾತು ಏಳುವುದಿಲ್ಲ. ಆದ್ದರಿಂದ ಕೊಡದಿದ್ದರೆ ಕೇಳಿ, ಕೇಳಿದ್ದು ನಾಲ್ಕು ಜನರಿಗೆ ಗೊತ್ತಿರಲಿ.

ಪೆಟ್ಟಾದ ದಿನವೇ ಖಣಿಯ ರಿಜಿಸ್ಟರಿನಲ್ಲಿ ನಮೂದು ಮಾಡಿಸಿ. ಆಸ್ಪತ್ರೆಯ ಮೊದಲ ಚೀಟಿಯಲ್ಲಿ ಎಲ್ಲಿ, ಯಾವ ಕೆಲಸ ಮಾಡುವಾಗ ಪೆಟ್ಟಾಯಿತು ಎಂದು ಬರೆಸಿಕೊಂಡು ಅದರ ಜೆರಾಕ್ಸ್ ಮನೆಯಲ್ಲಿ ಇಡಿ. ಪರಿಹಾರದ ಅರ್ಜಿಗೆ ಎರಡು ವರ್ಷದ ಗಡುವು ಇದೆ. ಎಲ್ಲಿ ಸಲ್ಲಿಸಬೇಕು ಎಂಬುದನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ, ಇಲ್ಲವೇ 155214 ಸಹಾಯವಾಣಿಗೆ ಫೋನು ಮಾಡಿ ಕೇಳಬಹುದು.